ಕೊಟ್ರಪ್ಪನ ರಿಂಗು

ಇಂಥ ಅನುಭವಗಳನ್ನು ಬರೆಯುವವರು "ನಾನು ಇದನ್ನೆಲ್ಲ ನಂಬುವವನಲ್ಲ" ಎಂದು ಶುರು ಮಾಡುವುದು ವಾಡಿಕೆ. ಓದುವಾಗೆಲ್ಲ ನನಗೆ ನಗು ಬರುತ್ತಿತ್ತು. ನಂಬದವನಿಗೇ ಯಾಕೆ ಯಾವಾಗಲೂ ಹೀಗಾಗುತ್ತದೆ, ನಂಬುವವರು ಏನು ಪಾಪ ಮಾಡಿದ್ದಾರೆ ಎಂದು ಹೆಂಡತಿಯ ಹತ್ತಿರ ಕುಹಕವಾಡುತ್ತಿದ್ದೆ. ಈಗ ನಾನೂ ಅದೇ ಮಾತಿನಿಂದ ಶುರು ಮಾಡಬೇಕಾಗಿ ಬಂದಿದೆ. ನಾನು ನಂಬುವವನಲ್ಲ. ಕೂಡ್ಲಿಗಿ ತಾಲ್ಲೂಕಿನಲ್ಲಿ ಬಹಳ ವರ್ಷ ಸರ್ವೇಯರ್ ಆಗಿದ್ದವನು. ಆ ಹುಣಸೆ ಮರದ ಹತ್ತಿರ ಹೋಗಬೇಡಿ, ಅಲ್ಲಿ ಗಾಳಿ ಇದೆ ಎಂದು ಊರವರು ಕೈಮುಗಿದು ಹೇಳುತ್ತಿದ್ದಾಗಲೇ ಅದರ ಬುಡದವರೆಗೆ ಸರಪಳಿ ಎಳೆಸಿ ಗಡಿಕಲ್ಲು ನೆಡಿಸಿದವನು. ದೆವ್ವಗಳು ಅಮಾವಾಸ್ಯೆಯ ರಾತ್ರಿಯೇ ಯಾಕೆ ಬರಬೇಕು, ಬೆಳಿಗ್ಗೆ ಹತ್ತೂವರೆಗೆ ಆಫೀಸ್ ಟೈಮಿಗೆ ಬರಬಾರದೇ ಎಂದು ಕೇಳುತ್ತಿದ್ದೆ. ನನಗೆ ಆದದ್ದು ಬೆಳಿಗ್ಗೆ ಹತ್ತೂವರೆಗೆ, ಕಣ್ಣು ಕೋರೈಸುವ ಬಿಸಿಲಿನಲ್ಲಿ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಇದನ್ನು ಬರೆಯುತ್ತಿರುವುದು ಯಾರನ್ನೂ ಹೆದರಿಸುವುದಕ್ಕಲ್ಲ. ಕೈಕೆಲಸದಲ್ಲಿ ಒಳ್ಳೆಯ ಹೆಸರಿದ್ದ ಒಬ್ಬ ಮನುಷ್ಯನ ಹೆಸರನ್ನು ನಾನು ನನ್ನ ನಾಲಿಗೆಯಿಂದ ಕೆಡಿಸಿದೆ. ಅದನ್ನು ಆದಷ್ಟು ಸರಿ ಮಾಡಬೇಕು ಎನ್ನುವುದು ನನ್ನ ಉದ್ದೇಶ. ಕೊಟ್ಟೂರಿನ ಲೇತ್ ಕೊಟ್ರಪ್ಪನೇ ಆ ಮನುಷ್ಯ.

ತೊಂಬತ್ತರ ದಶಕದ ಕೊನೆಯ ಮಾತು. ಆಗ ನಾನು ಕೊಟ್ಟೂರಿನಲ್ಲಿ ಮನೆ ಮಾಡಿಕೊಂಡು ಕೂಡ್ಲಿಗಿಗೆ ಓಡಾಡುತ್ತಿದ್ದೆ. ಭಾನುವಾರ ಬಂದರೆ ಹಕ್ಕಿಗಳ ಫೋಟೋ ತೆಗೆಯುವ ಹುಚ್ಚು. ದಾವಣಗೆರೆಯಲ್ಲಿ ಒಬ್ಬರು ಮಾರುವುದಕ್ಕಿಟ್ಟಿದ್ದ ಹಳೆಯ ಟೆಲಿಫೋಟೋ ಲೆನ್ಸೊಂದನ್ನು ಹೆಂಡತಿಗೆ ಅರ್ಧ ಬೆಲೆ ಹೇಳಿ ಮನೆಗೆ ತಂದೆ. ಮೊಳದುದ್ದದ ಲೆನ್ಸು, ಗಾಜು ಶುಭ್ರವಾಗಿತ್ತು. ಆದರೆ ಅದರ ಜೊತೆ ಬರಬೇಕಾದ ಟ್ರೈಪಾಡ್ ಕಾಲರ್ ಎಲ್ಲೋ ಕಳೆದುಹೋಗಿತ್ತು.

ಈ ಕಾಲರ್ ಏನೆಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಸಣ್ಣ ಲೆನ್ಸಾದರೆ ಸ್ಟ್ಯಾಂಡಿನ ಸ್ಕ್ರೂವನ್ನು ಕ್ಯಾಮೆರಾದ ತಳಕ್ಕೆ ಹಾಕಿದರೆ ಮುಗಿಯಿತು. ಉದ್ದದ ಲೆನ್ಸಿಗೆ ಹಾಗೆ ಮಾಡಿದರೆ ಭಾರವೆಲ್ಲ ಮೂತಿಯ ಕಡೆ ಬಿದ್ದು ಮುಗ್ಗರಿಸುತ್ತದೆ, ಚಿತ್ರ ಅದುರುತ್ತದೆ. ಅದಕ್ಕೆ ಲೆನ್ಸಿನ ನಡುವಿಗೆ ಒಂದು ರಿಂಗು ಹಾಕಿ, ಆ ರಿಂಗಿನ ಪಾದವನ್ನು ಸ್ಟ್ಯಾಂಡಿಗೆ ಕೂರಿಸುತ್ತಾರೆ. ರಿಂಗಿಗೆ ಒಂದು ಸ್ಕ್ರೂ ಇರುತ್ತದೆ. ಅದನ್ನು ಸಡಿಲಿಸಿದರೆ ಲೆನ್ಸು, ಹಿಂದಿನ ಕ್ಯಾಮೆರಾ ಎರಡೂ ಸೇರಿ ಇದ್ದಲ್ಲೇ ಉರುಳುತ್ತವೆ. ಅಡ್ಡ ಚಿತ್ರ ಬೇಕಾದರೆ ಅಡ್ಡಕ್ಕೆ, ಉದ್ದ ಚಿತ್ರ ಬೇಕಾದರೆ ಕಾಲು ಸುತ್ತು ತಿರುಗಿಸಿ ಉದ್ದಕ್ಕೆ. ನೋಡುವ ಗುರಿ ಮಾತ್ರ ಕದಲುವುದಿಲ್ಲ. ಸ್ಕ್ರೂ ಬಿಗಿ ಮಾಡಿದರೆ ಅಲ್ಲೇ ನಿಲ್ಲುತ್ತದೆ, ನಿಲ್ಲಬೇಕು.

ಕಂಪನಿಯ ಕಾಲರಿಗೆ ಬೊಂಬಾಯಿಗೆ ಬರೆದೆ. ಆ ಲೆನ್ಸೇ ಈಗ ಬರುತ್ತಿಲ್ಲ, ಕಾಲರ್ ಎಲ್ಲಿಂದ ತರುವುದು ಎಂದು ಉತ್ತರ ಬಂತು. ಆಗ ಹೊಳೆದದ್ದು ಕೊಟ್ರಪ್ಪ. ಲೇತಿನಲ್ಲಿ ಲೋಹ ಕಡೆದು ಟ್ರ್ಯಾಕ್ಟರಿನ ಬುಷ್, ಪಂಪ್‌ಸೆಟ್ಟಿನ ಶಾಫ್ಟು ಮಾಡಿಕೊಡುತ್ತಿದ್ದ. ಐವತ್ತರ ಹತ್ತಿರದ ಮನುಷ್ಯ, ಹಣೆಗೆ ವಿಭೂತಿ, ಬನಿಯನ್ನಿನ ತುಂಬ ಗ್ರೀಸು. ಹೊಸಪೇಟೆಯಲ್ಲಿ ಆಗುವುದಿಲ್ಲ ಎಂದ ಕೆಲಸವೂ ಅವನ ಹತ್ತಿರ ಬರುತ್ತಿತ್ತು.

"ಕಾಲರ್ ಬೇಕಂದ್ರ ಟೇಲರ್ ಕಡಿಗೆ ಹೋಗ್ರಿ ಸಾಹೇಬ್ರ, ನಂದೇನೈತಿ?" ಎಂದು ಮೊದಲು ನಕ್ಕ. ಆಮೇಲೆ ಲೆನ್ಸನ್ನು ಕೈಗೆ ತೆಗೆದುಕೊಂಡ. ಕೂಸನ್ನು ಎತ್ತಿಕೊಂಡ ಹಾಗೆ ಎಡಗೈ ಮೇಲೆ ಮಲಗಿಸಿಕೊಂಡು, ಬೆರಳನ್ನು ಅಡಿಯಲ್ಲಿ ಸರಿಸುತ್ತಾ ಭಾರ ಎಲ್ಲಿ ಸಮ ಆಗುತ್ತದೆ ಎಂದು ಹುಡುಕಿದ. ಒಡೆದ ಪಂಪಿನ ಅಲ್ಯೂಮಿನಿಯಂ ತುಂಡೊಂದನ್ನು ಕಡೆದು ರಿಂಗು ಮಾಡಿದ. ಸ್ಟ್ಯಾಂಡಿನ ಸ್ಕ್ರೂ ಕೂರುವ ತೂತಿಗೆ ಮೊದಲು ಪಂಪ್‌ಸೆಟ್ಟಿನ ಅಳತೆಯ ಥ್ರೆಡ್ಡನ್ನೇ ಹಾಕಿದ್ದ. ಎರಡು ಸುತ್ತು ಒಳಗೆ ಹೋಗಿ ಸ್ಕ್ರೂ ಕಚ್ಚಿಕೊಂಡಿತು. ಬೈದುಕೊಂಡು ಅದನ್ನು ಕಿತ್ತು ಹಿತ್ತಾಳೆಯ ಬುಷ್ ಕೂರಿಸಿ ಹೊಸದಾಗಿ ಥ್ರೆಡ್ ತೆಗೆದ. ಲೆನ್ಸಿಗೆ ಗೀರು ಬೀಳಬಾರದೆಂದು ರಿಂಗಿನ ಒಳಗೆ ಕಂಬಳಿಯ ಪಟ್ಟಿ ಅಂಟಿಸಿದ. ಕುರುಬರ ಕರಿ ಕಂಬಳಿ. ಒಮ್ಮೆ ಹಿಡಿದರೆ ಬಿಡುವುದಿಲ್ಲ ಎಂದ. ಕೆಲಸ ಮುಗಿಸಿ ಕೈಗೆ ಕೊಡುವಾಗ ಅವನ ಮುಖ ನೋಡಬೇಕಿತ್ತು. ಮೊದಲ ಮಗಳ ಮದುವೆಯಲ್ಲೂ ಅವನು ಅಷ್ಟು ಗೆಲುವಾಗಿರಲಿಲ್ಲ ಎಂದು ಅವನ ಹೆಂಡತಿಯೇ ಆಮೇಲೆ ಹೇಳಿದಳು.

ಮೂರು ತಿಂಗಳು ಆ ರಿಂಗನ್ನು ಬಳಸಿದೆ. ಒಂದು ಕೂದಲೆಳೆಯಷ್ಟೂ ಜಾರಲಿಲ್ಲ.

ಆ ಭಾನುವಾರ ಹೋಗಿದ್ದು ಹಗರಿಬೊಮ್ಮನಹಳ್ಳಿ ಕಡೆಯ ಒಂದು ಕೆರೆಗೆ. ಕೆರೆಯ ಹೆಸರು ಬೇಡ, ಆಗಲೂ ನಾನು ಯಾರಿಗೂ ಹೇಳುತ್ತಿರಲಿಲ್ಲ. ಅರಣ್ಯ ಇಲಾಖೆಯವರು ಕೆರೆಯಂಗಳದಲ್ಲಿ ನೆಟ್ಟ ಕರಿಜಾಲಿ ಮರಗಳು ನೀರಿನಲ್ಲಿ ಅರ್ಧ ಮುಳುಗಿ ನಿಂತಿರುತ್ತವೆ. ಚಳಿಗಾಲಕ್ಕೆ ಅವುಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಮರಿಗಳ ಗದ್ದಲ ಎಷ್ಟೆಂದರೆ ಪಕ್ಕದಲ್ಲಿ ನಿಂತವರ ಮಾತು ಕೇಳಿಸುವುದಿಲ್ಲ. ನಾನು ಕೆರೆಯ ಒಂದು ಕೊರಕಲಿನ ಈಚೆ ದಂಡೆಯಲ್ಲಿ ಸ್ಟ್ಯಾಂಡ್ ಹೂಡಿದೆ. ಎದುರು ದಂಡೆಯ ಅಂಚಿಗೆ, ಮೂರೂವರೆ ಸರಪಳಿ ದೂರದಲ್ಲಿ, ಅಂದರೆ ಸುಮಾರು ಇನ್ನೂರ ಮೂವತ್ತು ಅಡಿ ಆಚೆ, ಗಿಡ್ಡ ಜಾಲಿ ಮರ. ಅದರ ಮೇಲೆ ಆಳೆತ್ತರದಲ್ಲಿ ಮೂರು ಮರಿಗಳಿದ್ದ ಗೂಡು.

ನನ್ನದು ಸರ್ವೇಯರನ ಅಭ್ಯಾಸ. ಪ್ರತಿ ಚಿತ್ರದ ನಂಬರು, ಹೊತ್ತು, ಅಡ್ಡವೋ ಉದ್ದವೋ, ಎಲ್ಲ ನೋಟ್ ಬುಕ್ಕಿನಲ್ಲಿ ಬರೆಯುತ್ತಿದ್ದೆ. ಏಳೂಕಾಲಕ್ಕೆ ಮರ ಪೂರ್ತಿ ಬರುವಂತೆ ಒಂದು ಉದ್ದ ಚಿತ್ರ ತೆಗೆದೆ, ಮೂರನೇ ನಂಬರು. ಆಮೇಲೆ ಅಡ್ಡಕ್ಕೆ ತಿರುಗಿಸಿ, ಗೂಡನ್ನು ನಟ್ಟನಡುವೆ ಇಟ್ಟು, ಸ್ಕ್ರೂ ಬಿಗಿ ಮಾಡಿದೆ. ಕ್ಯಾಮೆರಾಕ್ಕೆ ಕಣ್ಣು ಹಚ್ಚಿದರೆ ಅದುರುತ್ತದೆಂದು ಉದ್ದದ ವೈರಿನ ತುದಿಯ ಗುಂಡಿಯನ್ನು ಕೈಯಲ್ಲಿ ಹಿಡಿದು ಪಕ್ಕದಲ್ಲಿ ಕೂತೆ. ತಾಯಿ ಕೊಕ್ಕರೆ ಬಂದಾಗ ಗುಂಡಿ ಒತ್ತುವುದು, ಬರೆಯುವುದು.

ಎಂಟೂಕಾಲಕ್ಕೆ ಎಲೆಯಡಿಕೆ ಹಾಕಿಕೊಂಡು ಈ ಕಡೆ ತಿರುಗಿದರೆ ಕ್ಯಾಮೆರಾ ಉದ್ದಕ್ಕೆ ನಿಂತಿದೆ. ನಾನೇ ಸರಿಯಾಗಿ ಬಿಗಿ ಮಾಡಿರಲಿಲ್ಲ ಎಂದುಕೊಂಡು, ಕಣ್ಣು ಹಚ್ಚದೆಯೇ, ಅಡ್ಡಕ್ಕೆ ತಿರುಗಿಸಿ ಮತ್ತೆ ಬಿಗಿ ಮಾಡಿದೆ. ಒಂಬತ್ತೂವರೆ ಹೊತ್ತಿಗೆ ತಾಯಿ ಮೀನು ತಂದಿತು. ಕಣ್ಣು ಗೂಡಿನ ಮೇಲೇ ಇಟ್ಟು ಎರಡು ಸಲ ಗುಂಡಿ ಒತ್ತಿದೆ, ಹನ್ನೊಂದು, ಹನ್ನೆರಡು. ಬರೆದುಕೊಳ್ಳಲು ಬಗ್ಗಿದಾಗ ನೋಡುತ್ತೇನೆ, ಮತ್ತೆ ಕ್ಯಾಮೆರಾ ಉದ್ದಕ್ಕೆ. ಒಳ್ಳೆಯ ಎರಡು ಚಿತ್ರ ಹಾಳಾಯಿತೆಂದು ನನಗೆ ಮೈ ಉರಿಯಿತು. ಕೊಟ್ರಪ್ಪನಿಗೆ ಅಲ್ಲಿಂದಲೇ ನಾಲ್ಕು ಮಾತು ಬೈದೆ. ಸ್ಕೂಟರಿನ ಡಿಕ್ಕಿಯಿಂದ ಕಟಿಂಗ್ ಪ್ಲೇಯರ್ ತಂದು, ಕ್ಯಾಮೆರಾ ಅಡ್ಡಕ್ಕೆ ತಂದು, ಸ್ಕ್ರೂವನ್ನು ಕಿರ್ರೆನ್ನುವ ತನಕ ತಿರುವಿದೆ. ಅಷ್ಟಕ್ಕೇ ಬಿಡಲಿಲ್ಲ. ಸುಣ್ಣದ ಡಬ್ಬಿಯಿಂದ ಬೆರಳ ತುದಿಗೆ ಸುಣ್ಣ ತೆಗೆದು ರಿಂಗಿನಿಂದ ಲೆನ್ಸಿನ ಮೇಲೆ ಬರುವಂತೆ ಒಂದು ಗೆರೆ ಎಳೆದೆ. ಜಾರಿದರೆ ಎಷ್ಟು ಜಾರಿತೆಂದು ಲೆಕ್ಕ ಸಿಗಲಿ ಎಂದು.

ಹತ್ತೂವರೆಗೆ ಗೆರೆ ಎರಡು ತುಂಡಾಗಿತ್ತು. ರಿಂಗಿನ ಮೇಲಿನದು ರಿಂಗಿನ ಮೇಲೆ, ಲೆನ್ಸಿನ ಮೇಲಿನದು ಕಾಲು ಸುತ್ತು ಆಚೆ. ಯಾವ ಬದಿಗೆ ಎಂದು ಆಗ ನೋಡಿಕೊಳ್ಳಲಿಲ್ಲ. ಗಾಳಿ ಇರಲಿಲ್ಲ. ಕೈಯಳತೆ ದೂರದಲ್ಲಿ ಕೂತಿದ್ದವನು ನಾನು, ಅದು ತಿರುಗಿದ್ದನ್ನು ಮಾತ್ರ ನೋಡಲಿಲ್ಲ. ಹೆದರಿಕೆ ಆಯಿತೇ ಎಂದರೆ ಇಲ್ಲ, ಖಂಡಿತ ಇಲ್ಲ. ಆದದ್ದು ಸಿಟ್ಟು. ಇಷ್ಟು ತಿರುಗಿದರೂ ಗುರಿ ಉಳಿದಿದೆಯೋ ಇಲ್ಲವೋ ನೋಡೋಣ ಎಂದು ಕಣ್ಣು ಹಚ್ಚಿದೆ. ಗೂಡು ನಟ್ಟನಡುವೆಯೇ ಇತ್ತು. ಆದರೆ ಕ್ಯಾಮೆರಾ ಉದ್ದಕ್ಕೆ ನಿಂತಿದ್ದರಿಂದ ಈಗ ಗೂಡಿನ ಕೆಳಗಿನ ಕೊಂಬೆ, ಬೊಡ್ಡೆ, ಅದರ ಕೆಳಗೆ ನೀರು, ಎಲ್ಲ ಕಾಣುತ್ತಿತ್ತು. ತೀರ ಕೆಳಗೆ, ಚೌಕಟ್ಟಿನ ಅಂಚಿನಲ್ಲಿ, ಜಾಲಿಯ ಕೊಂಬೆಯನ್ನು ಹಿಡಿದ ಒಂದು ಕೈ. ಕೈಯ ಪಕ್ಕದಲ್ಲಿ ಮಣ್ಣುಬಣ್ಣದ ಒಂದು ತಲೆ.

ಆ ಕ್ಷಣದಲ್ಲಿ ನನ್ನ ಹೆಬ್ಬೆರಳು ಗುಂಡಿಯನ್ನು ಒತ್ತಿತು. ಬೇಕೆಂದು ಒತ್ತಿದ್ದಲ್ಲ, ಆದರೂ ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಅದು ಹದಿನೇಳನೇ ನಂಬರು.

ಸ್ಟ್ಯಾಂಡನ್ನು ಕ್ಯಾಮೆರಾ ಸಮೇತ ಹೆಗಲಿಗೆ ಹಾಕಿಕೊಂಡು ಓಡಿದೆ. ಉಪಕರಣ ಬಿಟ್ಟು ಓಡುವುದು ಸರ್ವೇಯರನ ಕೈಗೆ ಬರುವುದಿಲ್ಲ. ಕೊರಕಲನ್ನು ಸುತ್ತಿ ಬಂದು ನೋಡಿದರೆ ನಡುವಯಸ್ಸಿನ ಹೆಂಗಸು, ಎದೆಯವರೆಗೆ ಕೆಸರಿನಲ್ಲಿ ಹೂತಿದ್ದಾಳೆ. ಬೇಸಿಗೆಯಲ್ಲಿ ಹೊಲಕ್ಕೆ, ಇಟ್ಟಿಗೆಗೆ ಅಂತ ಕೆರೆಯಂಗಳದ ಮಣ್ಣು ಹೊಡೆಯುತ್ತಾರಲ್ಲ, ಆ ಗುಂಡಿಗಳು ನೀರು ಬಂದಾಗ ಮುಚ್ಚಿಹೋಗುತ್ತವೆ. ಎಮ್ಮೆಗೆ ಹುಲ್ಲು ಕೊಯ್ಯಲು ಬಂದವಳು ಅದರೊಳಗೆ ಇಳಿದುಬಿಟ್ಟಿದ್ದಳು. ಒಂದೇ ಕೈಗೆ ಕೊಂಬೆ ಸಿಕ್ಕಿತ್ತು. ಅಂಗೈಗೆ ಜಾಲಿಮುಳ್ಳು ಹೊಕ್ಕು ರಕ್ತ ಒಣಗಿತ್ತು. ನಾನು ಕ್ಯಾಮೆರಾ ಬಿಚ್ಚಿ ದಂಡೆಯ ಮೇಲಿಟ್ಟು, ಸ್ಟ್ಯಾಂಡಿನ ಕಾಲು ಉದ್ದ ಮಾಡಿ ಅವಳ ಕಡೆ ಚಾಚಿದೆ. ಹಿಡಿದಳು. ಅವಳು ಮುಳುಗದ ಹಾಗೆ ತಡೆಯುವುದಾಯಿತೇ ಹೊರತು ಒಬ್ಬನಿಂದ ಎಳೆಯಲಾಗಲಿಲ್ಲ. ಗಂಟಲು ಹರಿಯುವ ಹಾಗೆ ಕೂಗಿದೆ. ಎತ್ತುಗಳಿಗೆ ನೀರು ಕುಡಿಸಲು ಬಂದ ರೈತನೊಬ್ಬ ಬಹಳ ಹೊತ್ತಾದ ಮೇಲೆ ಕೇಳಿಸಿಕೊಂಡು ಹಗ್ಗ ತಂದ. ಅವನೂ ನಾನೂ ಸೇರಿ ಎಳೆದೆವು.

ದಂಡೆಗೆ ಬಂದು ಬಿದ್ದವಳು ಸ್ವಲ್ಪ ಸುಧಾರಿಸಿಕೊಂಡು ನನ್ನನ್ನು ನೋಡಿದಳು. ಕೈಮುಗಿಯುತ್ತಾಳೆ ಎಂದುಕೊಂಡಿದ್ದೆ. ಬೈದಳು. ಕೂಗಿ ಕೂಗಿ ದನಿ ಸತ್ತುಹೋಗಿತ್ತು, ಉಸಿರಿನಲ್ಲೇ ಬೈದಳು.

"ಆಗಿಂದ ನನ್ ಕಡಿಗೇ ಹಿಡ್ಕಂಡು ಕುಂತೀಯಲ್ಲೋ ಯಪ್ಪಾ. ಬಸ್ ಹೋದಾಗ್ಲಿಂದ ಒದರಾಕತ್ತೀನಿ. ನಿನ್ ಕನ್ನಡಿ ಹೊಳಿಯಾದು ನನಗ ಕಾಣತಿತ್ತು, ನಿನಗ ನಾ ಕಾಣ್ಲಿಲ್ಲೇನೋ?"

ಏರಿಯ ಮೇಲಿನ ಬಸ್ಸು ಹೋಗುವುದು ಎಂಟಕ್ಕೆ. ಎರಡೂವರೆ ಗಂಟೆ ಅವಳು ನನ್ನ ಲೆನ್ಸನ್ನು ನೋಡುತ್ತಾ ಕೂಗಿದ್ದಾಳೆ. ನಾನು ಅವಳ ತಲೆಯ ಮೇಲಿನ ಗೂಡನ್ನು ನೋಡುತ್ತಾ ಎಲೆಯಡಿಕೆ ಜಗಿದಿದ್ದೇನೆ. ಮರಿಗಳ ಗದ್ದಲದಲ್ಲಿ ಕೇಳಿಸಲಿಲ್ಲ ಎನ್ನುವುದು ನಿಜ, ಕೆಸರು ಮೆತ್ತಿದ ತಲೆ ಅಷ್ಟು ದೂರಕ್ಕೆ ಬರಿಗಣ್ಣಿಗೆ ಕಾಣುವಂತಿರಲಿಲ್ಲ ಎನ್ನುವುದೂ ನಿಜ. ಆದರೆ ಅವೆರಡನ್ನೂ ನಾನು ಆಕೆಯ ಎದುರು ಹೇಳಲಿಲ್ಲ.

"ನಾ ದಂಡಿ ಮ್ಯಾಗ ಬಂದೀನಿ, ನನಗೇ ಕಾಣ್ಲಿಲ್ಲ. ನೀವು ಹ್ಯಾಂಗ್ ನೋಡಿದ್ರಿ ಸ್ವಾಮಿ?" ಎಂದು ರೈತ ಕೇಳಿದ.

"ರಿಂಗು ಸಡಿಲ ಇತ್ತು," ಎಂದೆ. ಅಲ್ಲಿಯೇ ಶುರುವಾಯಿತು ನೋಡಿ, ಕೊಟ್ರಪ್ಪನ ಹೆಸರು ಕೆಡಿಸಿದ ಆ ಮಾತು.

ದುರುಗವ್ವ ಅವಳ ಹೆಸರು. ಅವಳನ್ನು ಆಸ್ಪತ್ರೆಗೆ ಮುಟ್ಟಿಸಿ, ಮಧ್ಯಾಹ್ನ ಕೊಟ್ಟೂರಿಗೆ ಬಂದವನು ನೇರ ಲೇತ್ ಶಾಪಿಗೆ ಹೋದೆ. ಅಂಗಡಿಯ ಮುಂದೆ ನಾಲ್ಕೈದು ಜನ ರೈತರು ಕೂತಿದ್ದರು. ಲೆನ್ಸನ್ನು ಮೇಜಿನ ಮೇಲಿಟ್ಟು, "ಏನ್ರೀ ಕೊಟ್ರಪ್ಪ, ಇದೇನು ಕೆಲಸ? ಒಂದಲ್ಲ, ಮೂರು ಸಲ ಜಾರಿತಲ್ಲ" ಎಂದೆ. ಎಲ್ಲರೂ ತಿರುಗಿ ನೋಡಿದರು. ಕೊಟ್ರಪ್ಪ ಸ್ಕ್ರೂವಿಗೆ ಕೈ ಹಾಕಿದ. ಬರಲಿಲ್ಲ. ಪ್ಲೇಯರ್ ಹಿಡಿದು ಮೈಭಾರ ಹಾಕಿ ತಿರುವಿದ ಮೇಲೆ ಬಂತು.

"ಇಷ್ಟ್ ಬಿಗಿ ಇದ್ದದ್ದು ಹ್ಯಾಂಗ್ ಜಾರತೈತ್ರಿ?" ಎಂದ.

ದಾರಿಯ ಕುಲುಕಾಟಕ್ಕೆ ಕಚ್ಚಿಕೊಂಡಿರಬೇಕು ಎಂದೆ. ಅವನು ಒಪ್ಪಲಿಲ್ಲ. ಲೆನ್ಸು ಕ್ಯಾಮೆರಾ ಎರಡನ್ನೂ ತನ್ನ ಹತ್ತಿರವೇ ಇಟ್ಟುಕೊಂಡು, ಕೈಯಿಂದ ಬರೀ ಸಾಧಾರಣ ಬಿಗಿ ಮಾಡಿ, ಕ್ಯಾಮೆರಾದ ಒಂದು ಬದಿಗೆ ಎರಡು ಕಿಲೋ ತೂಕದ ಕಲ್ಲು ಕಟ್ಟಿ ಇಳಿಬಿಟ್ಟ. ಮರುದಿನ ಸಂಜೆ ಕರೆದು ತೋರಿಸಿದ. ಕಲ್ಲು ಹಾಗೇ ನೇತಾಡುತ್ತಿತ್ತು, ರಿಂಗು ಕದಲಿರಲಿಲ್ಲ. ನಾನು ಒಪ್ಪಲಿಲ್ಲ. ಬಿಸಿಲಿಗೆ ಅಲ್ಯೂಮಿನಿಯಂ ಹಿಗ್ಗುತ್ತದೆ, ಕಂಬಳಿ ಬೆವರುತ್ತದೆ, ಕ್ಯಾಮೆರಾದ ಬಲಗಡೆಯ ಹಿಡಿಯಲ್ಲಿ ನಾಲ್ಕು ಬ್ಯಾಟರಿ ಇರುವುದರಿಂದ ಆ ಬದಿ ಭಾರ, ಸ್ವಲ್ಪ ಸಡಿಲವಾದರೂ ಹಿಡಿ ಕೆಳಗೆ ಬಂದು ಕ್ಯಾಮೆರಾ ಉದ್ದಕ್ಕೆ ನಿಲ್ಲುತ್ತದೆ. ಇಷ್ಟು ಸರಳ, ಇದರಲ್ಲಿ ಬೆರಗೇನಿದೆ? ಹೀಗೆಂದು ನಾನು ಅವನಿಗೆ ಪಾಠ ಹೇಳಿದೆ. ಮಾತು ಎಷ್ಟು ಚೊಕ್ಕವಾಗಿತ್ತೆಂದರೆ ಅದು ತಪ್ಪಿರಬಹುದೆಂದು ನನಗೆ ಅನ್ನಿಸಲೇ ಇಲ್ಲ.

ಚಹಾದಂಗಡಿಯಲ್ಲಿ ಈ ಸಂಗತಿಯನ್ನು ನಾನೇ ರಂಗಾಗಿ ಹೇಳಿದೆ. ದುರುಗವ್ವ ತಮ್ಮೂರ ಅಮ್ಮನೇ ಬಂದು ಕ್ಯಾಮೆರಾ ತಿರುಗಿಸಿದಳೆಂದು ಹರಕೆ ತೀರಿಸಿದ್ದಳು. ಅಮ್ಮನೂ ಇಲ್ಲ ಗಿಮ್ಮನೂ ಇಲ್ಲ, ಕೊಟ್ರಪ್ಪನ ಸಡಿಲ ರಿಂಗು ಒಂದು ಜೀವ ಉಳಿಸಿತು ಎಂದು ನಾನು ಹೇಳುವುದು, ಜನ ನಗುವುದು. ಊರಿಗೆ ಅಷ್ಟೇ ಸಾಕಾಯಿತು. ತಿಂಗಳು ತುಂಬುವುದರೊಳಗೆ ಅವನಿಗೆ ಸಡ್ಲ ಕೊಟ್ರಪ್ಪ ಎಂದು ಹೆಸರು ಬಿತ್ತು. ಬುಷ್ ಮಾಡಿಸಲು ಬಂದವರು "ನೋಡಪಾ, ಸಡ್ಲ ಮಾಡಬ್ಯಾಡ, ಯಾರ್ದರ ಜೀವ ಉಳದೀತು" ಎಂದು ತಮಾಷೆ ಮಾಡುತ್ತಿದ್ದರು. ಕೆಲಸವೇನೂ ಕಡಿಮೆ ಆಗಲಿಲ್ಲ. ಆದರೆ ಅವನ ನಗು ಕಡಿಮೆ ಆಯಿತು. ಬುಷ್ ಕೊಡುವಾಗ ಎರಡೆರಡು ಸಲ ಅಳೆದು ತೋರಿಸತೊಡಗಿದ. ಮೊದಲು ಅಳೆದು ತೋರಿಸುವ ಮನುಷ್ಯನೇ ಅಲ್ಲ ಅವನು. ನಾನು ಅಂಗಡಿಯ ಮುಂದೆ ಹೋದರೆ "ಬರ್ರಿ" ಎನ್ನುತ್ತಿದ್ದ, ಅದರ ಮೇಲೆ ಇನ್ನೊಂದು ಮಾತಿಲ್ಲ. ನನಗೆ ಗೊತ್ತಾಗುತ್ತಿತ್ತು. ಗೊತ್ತಾದರೂ ನಾನು ಹೇಳಿದ್ದು ನಿಜವಲ್ಲವೇ ಎಂಬ ಧಿಮಾಕು.

ಎಂಟು ಒಂಬತ್ತು ವರ್ಷ ಹೀಗೇ ಹೋಯಿತು. ನಾನು ಡಿಜಿಟಲ್ ಕ್ಯಾಮೆರಾ ತೆಗೆದುಕೊಂಡೆ. ಹಳೆಯ ನೆಗೆಟಿವ್‌ಗಳನ್ನು ವಿಂಗಡಿಸಿ ಇಡಿ, ಇಲ್ಲವಾದರೆ ಒಲೆಗೆ ಹಾಕುತ್ತೇನೆ ಎಂದು ಹೆಂಡತಿ ಗಡುವು ಕೊಟ್ಟಳು. ಒಂದು ಮಧ್ಯಾಹ್ನ ಕಿಟಕಿಯ ಬೆಳಕಿಗೆ ಪಟ್ಟಿಗಳನ್ನು ಹಿಡಿದು ನೋಡುತ್ತಿದ್ದಾಗ ಆ ಭಾನುವಾರದ ರೋಲು ಸಿಕ್ಕಿತು. ಪ್ರಿಂಟುಗಳನ್ನು ಹಿಂದೆಯೇ ನೋಡಿದ್ದೆ. ಕೈಯಿದ್ದ ಚಿತ್ರಗಳನ್ನು ಯಾರಿಗೂ ತೋರಿಸದೆ ಒಳಗಿಟ್ಟಿದ್ದೆ. ನೆಗೆಟಿವ್ ಪಟ್ಟಿಯನ್ನು ಮಾತ್ರ ಗಮನವಿಟ್ಟು ನೋಡಿರಲಿಲ್ಲ.

ಪಟ್ಟಿಯನ್ನು ಅಡ್ಡಕ್ಕೆ ಹಿಡಿದರೆ ಅಡ್ಡ ಚಿತ್ರಗಳು ನೆಟ್ಟಗೆ ಕಾಣುತ್ತವೆ, ಉದ್ದ ಚಿತ್ರಗಳು ಪಕ್ಕಕ್ಕೆ ಮಲಗಿರುತ್ತವೆ. ಮಲಗಿದ ಮರದ ತಲೆ ಯಾವ ಕಡೆಗಿದೆ ಎನ್ನುವುದರ ಮೇಲೆ ಕ್ಯಾಮೆರಾ ಯಾವ ಬದಿಗೆ ಉರುಳಿತ್ತೆಂದು ಹೇಳಬಹುದು. ಪ್ರಿಂಟಿನಲ್ಲಿ ಅದು ಗೊತ್ತಾಗುವುದಿಲ್ಲ, ಕೈಯಲ್ಲಿ ನೆಟ್ಟಗೆ ತಿರುಗಿಸಿ ನೋಡಿಬಿಡುತ್ತೇವೆ. ಮೂರನೇ ನಂಬರು ನಾನೇ ಬೆಳಿಗ್ಗೆ ತೆಗೆದದ್ದು. ಯಾವಾಗಲೂ ಮಾಡುವಂತೆ ಹಿಡಿ ಕೆಳಗೆ ಮಾಡಿ ತೆಗೆದಿದ್ದೆ, ಬುಕ್ಕಿನಲ್ಲೂ ಹಾಗೇ ಬರೆದಿದೆ. ಅದರಲ್ಲಿ ಮರದ ತಲೆ ಎಡಕ್ಕಿತ್ತು. ಹನ್ನೊಂದು, ಹನ್ನೆರಡು, ಹದಿನೇಳರಲ್ಲಿ ಮರದ ತಲೆ ಬಲಕ್ಕಿತ್ತು.

ಮೊದಲು ಪಟ್ಟಿಯನ್ನು ತಿರುವುಮುರುವು ಹಿಡಿದಿದ್ದೇನೆ ಎಂದುಕೊಂಡೆ. ಇಲ್ಲ, ಅದೇ ಪಟ್ಟಿಯ ಅಡ್ಡ ಚಿತ್ರಗಳು ನೆಟ್ಟಗಿದ್ದವು, ಅಂಚಿನ ನಂಬರುಗಳೂ ನೆಟ್ಟಗಿದ್ದವು. ಅಂದರೆ ಆ ದಿನ ಕ್ಯಾಮೆರಾ ತಿರುಗಿ ನಿಂತಾಗ ಹಿಡಿ ಕೆಳಗಿರಲಿಲ್ಲ, ಮೇಲಿತ್ತು. ನಾಲ್ಕು ಬ್ಯಾಟರಿಯ ಭಾರ ಕೆಳಗೆ ಬಿದ್ದಿರಲಿಲ್ಲ, ಮೇಲಕ್ಕೆ ಎದ್ದಿತ್ತು. ಹಿಡಿ ಕೆಳಗಿತ್ತು ಎಂದು ನಾನು ಎಷ್ಟು ಸಲ ಹೇಳಿದ್ದೆನೆಂದರೆ, ಹಾಗೆ ಕಣ್ಣಾರೆ ಕಂಡ ನೆನಪೇ ನನಗಿತ್ತು. ಹಳೆಯ ಕ್ಯಾಮೆರಾವನ್ನು ಕಪಾಟಿನಿಂದ ತೆಗೆದು, ಬ್ಯಾಟರಿ ತುಂಬಿ, ಲೆನ್ಸಿಗೆ ಹಚ್ಚಿ, ರಿಂಗಿನ ಸ್ಕ್ರೂ ಸಡಿಲಿಸಿ ಕೈ ಬಿಟ್ಟೆ. ಹಿಡಿ ಕೆಳಗೆ ಬಂತು. ಹತ್ತು ಸಲ ಬಿಟ್ಟೆ. ಹತ್ತು ಸಲವೂ ಕೆಳಗೇ ಬಂತು. ಮೇಲಕ್ಕೆ ಹೋಗಬೇಕಾದರೆ ಒಂದು ಕೈ ಹಿಡಿದು ಎತ್ತಬೇಕು.

ಯಾರ ಕೈ? ನನ್ನದೇ ಇರಬಹುದು ಎಂದು ಯೋಚಿಸಿದ್ದೇನೆ, ಓದುವವರೂ ಯೋಚಿಸುತ್ತೀರಿ. ಕಣ್ಣಂಚಿನಲ್ಲಿ ಅವಳನ್ನು ಕಂಡು, ಕಂಡದ್ದು ನನಗೇ ತಿಳಿಯದೆ, ಕೈ ತಾನಾಗಿ ತಿರುಗಿಸಿತೇ? ಹಾಗಿದ್ದರೆ ಪ್ಲೇಯರ್ ಹಾಕಿ ತಿರುವಿದ ಸ್ಕ್ರೂವನ್ನು ಪ್ಲೇಯರ್ ಹಾಕಿಯೇ ಬಿಚ್ಚಿ, ತಿರುಗಿಸಿ, ಮತ್ತೆ ಅಷ್ಟೇ ಬಿಗಿ ಮಾಡಿ, ಅದನ್ನೆಲ್ಲ ಮರೆತಿದ್ದೇನೆ ಎಂದಾಗುತ್ತದೆ. ಅದು ನನಗೆ ದುರುಗವ್ವ ಹೇಳಿದ ಊರಮ್ಮನಿಗಿಂತ ಹೆಚ್ಚು ಭಯ ಹುಟ್ಟಿಸುವ ಮಾತು. ಆದರೆ ಒಂದು ಮಾತ್ರ ಹಗಲಿನಷ್ಟು ಸ್ಪಷ್ಟವಿತ್ತು. ಯಾರು ತಿರುಗಿಸಿರಲಿ, ರಿಂಗು ತಾನಾಗಿ ಜಾರಿರಲಿಲ್ಲ.

ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಲೇತ್ ಶಾಪಿಗೆ ಹೋದೆ. ಕೊಟ್ರಪ್ಪನ ತಲೆ ಪೂರ್ತಿ ಬೆಳ್ಳಗಾಗಿತ್ತು. ಅವನನ್ನು ಬಾಗಿಲ ಬೆಳಕಿಗೆ ಕರೆದು ಪಟ್ಟಿ ಹಿಡಿದು ತೋರಿಸಿದೆ. ನಾನು ವಿವರಿಸಿ ಮುಗಿಸುವ ಮೊದಲೇ ಅವನಿಗೆ ತಿಳಿದುಹೋಯಿತು. ದಿನವಿಡೀ ಚಕ್ರ ಯಾವ ಕಡೆ ತಿರುಗುತ್ತದೆಂದು ನೋಡುತ್ತಾ ಬದುಕುವವನಿಗೆ ಅದೇನು ಕಷ್ಟ.

"ಸಡ್ಲಿದ್ರ ಭಾರ ಕೆಳಗ ಬರಬೇಕಲ್ರಿ," ಎಂದ.

"ಹೌದು."

"ಮ್ಯಾಲ ಹೋಗೈತಿ."

"ಹೌದು ಕೊಟ್ರಪ್ಪ. ನಂದೇ ತಪ್ಪು."

ಅವನು ಪಟ್ಟಿಯನ್ನು ಇನ್ನಷ್ಟು ಬೆಳಕಿಗೆ ಹಿಡಿದ. ಹದಿನೇಳರ ಮೂಲೆಯಲ್ಲಿದ್ದ ಬೆಳ್ಳನೆಯ ಚುಕ್ಕೆಯಂಥ ತಲೆಯನ್ನು ಉಗುರಿನಿಂದ ತೋರಿಸಿ, "ಇದ ಏನ್ರಿ ಆಕಿ?" ಎಂದು ಕೇಳಿದ. ಹೌದೆಂದೆ. ಕಣ್ಣು ಒರೆಸಿಕೊಂಡನೋ ಬೆವರು ಒರೆಸಿಕೊಂಡನೋ, ಮುಖದ ಮೇಲೆ ಗ್ರೀಸಿನ ಗೆರೆ ಬಿತ್ತು.

"ಹಂಗಾರ ಅದನ್ನ ತಿರುಗಿಸಿದ್ದು ಯಾರಿರಬೇಕು?" ಎಂದು ನಾನು ಕೇಳಿದೆ. ಅವನ ಬಾಯಿಂದಾದರೂ ಏನಾದರೂ ಬರಲಿ ಎಂಬ ಆಸೆ ನನಗೆ.

"ಅದು ನನ್ ಕೆಲಸ ಅಲ್ರಿ ಸಾಹೇಬ್ರ. ಯಾರರ ತಿರುಗಿಸ್ಲಿ. ನನ್ ರಿಂಗ್ ಬಿಗಿ ಇತ್ತು, ಅದನ್ನ ನಾಕು ಮಂದಿ ಮುಂದ ಹೇಳ್ರಿ, ಸಾಕು."

ಅವನ ಕೈ ಹಿಡಿದುಕೊಂಡೇ ಅದೇ ಚಹಾದಂಗಡಿಗೆ ಹೋದೆ. ನೆಗೆಟಿವ್ ತೋರಿಸಿ, ಎಲ್ಲರ ಎದುರು ತಪ್ಪೊಪ್ಪಿಕೊಂಡೆ. ಒಬ್ಬರಿಗೂ ಎಡ ಬಲ ತಲೆಗೆ ಹತ್ತಲಿಲ್ಲ. ಮೂಲೆಯಲ್ಲಿ ಕೂತಿದ್ದ ಶೇಂಗಾ ವ್ಯಾಪಾರದವರೊಬ್ಬರು ಚಹಾದ ಬಸಿ ಕೆಳಗಿಟ್ಟು ಹೇಳಿದರು, "ಬಿಡ್ರಿ ಸರ್ವೇರ್ ಸಾಹೇಬ್ರ. ಸಡ್ಲ ಕೊಟ್ರಪ್ಪ ಅಂದ್ರ ಗುರ್ತು ಸಿಗತೈತಿ. ಬರೇ ಕೊಟ್ರಪ್ಪ ಅಂದ್ರ ಮನಿಗೊಬ್ಬ ಕೊಟ್ರಪ್ಪ ಇರೋ ಕೊಟ್ಟೂರಾಗ ಯಾವ ಕೊಟ್ರಪ್ಪ ಅಂತ ಹುಡುಕಾದು?" ಎಲ್ಲರೂ ನಕ್ಕರು. ಕೊಟ್ರಪ್ಪನೂ ನಕ್ಕ. ಒಂದು ಮಾತನ್ನು ಊರಿಗೆ ಬಿಡುವುದು ಸುಲಭ, ವಾಪಸು ಕರೆಯುವುದು ನನ್ನ ಕೈಯಲ್ಲಿರಲಿಲ್ಲ.

ಹೊರಗೆ ಬಂದ ಮೇಲೆ, "ಬರೆದು ಹಾಕುತ್ತೇನೆ ಕೊಟ್ರಪ್ಪ, ನಾಲ್ಕು ಜನ ಓದುವ ಕಡೆ" ಎಂದೆ.

"ಬರೀರಿ. ನಿಮ್ಮ ಇಲಾಖಿಯೋರು ಬರದದ್ದು ಯಾರೂ ಅಳಸಂಗಿಲ್ಲ," ಎಂದ. ತಮಾಷೆಯೋ ನಿಜವೋ ತಿಳಿಯಲಿಲ್ಲ. ಬಹಳ ವರ್ಷಗಳ ಮೇಲೆ ಅವನು ನನ್ನ ಹತ್ತಿರ "ಬರ್ರಿ" ಎನ್ನುವುದನ್ನು ಬಿಟ್ಟು ಬೇರೆ ಮಾತಾಡಿದ್ದು ಅವತ್ತೇ.

ನಾನು ಈಗಲೂ ಯಾವುದನ್ನೂ ನಂಬುವವನಲ್ಲ. ಆ ರಿಂಗು ಇನ್ನೂ ನನ್ನ ಲೆನ್ಸಿನ ಮೇಲಿದೆ, ಕಂಬಳಿಯ ಪಟ್ಟಿ ಕೂಡ ಅದೇ. ಅಂದಿನಿಂದ ಇಂದಿನವರೆಗೆ ಒಮ್ಮೆಯೂ ತಾನಾಗಿ ತಿರುಗಿಲ್ಲ. ಕೆರೆಗೆ ಹೋದರೆ ಈಗ ನಾನೇ ಗಳಿಗೆಗೊಮ್ಮೆ ಸ್ಕ್ರೂ ಸಡಿಲಿಸಿ, ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ, ಗೂಡಿನ ಕೆಳಗೆ ನೀರಿನ ಅಂಚಿನವರೆಗೆ ಒಮ್ಮೆ ನೋಡಿ, ಮತ್ತೆ ಅಡ್ಡಕ್ಕೆ ತರುತ್ತೇನೆ. ಆ ದಿನ ಬ್ಯಾಟರಿಯ ಭಾರ ಮೇಲಕ್ಕೆ ಹೋದದ್ದು ಹೇಗೆ ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಕೊಟ್ರಪ್ಪ ಮಾಡಿದ ರಿಂಗು ಬಿಗಿಯಾಗಿತ್ತು, ಅದಕ್ಕೆ ಮಾತ್ರ ನಾನು ಸಹಿ ಹಾಕಬಲ್ಲೆ.